ಒಂದೇ ಶಬ್ದ ಎಷ್ಟು ಸಲ? ಮೈಸೂರಿನ ಶಾಮಾಶಾಸ್ತ್ರಿಗಳ ಬದುಕು

ಮೈಸೂರಿನ ಕೃಷ್ಣರಾಜ ಬುಲೆವಾರ್ಡ್ ರಸ್ತೆಯಲ್ಲಿ ಒಂದು ಹಳೆಯ ಕಟ್ಟಡ ಉಂಟು. ಈಗ ಅದಕ್ಕೆ ಪ್ರಾಚ್ಯವಿದ್ಯಾ ಸಂಶೋಧನಾಲಯ ಅಂತ ಹೆಸರು. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಐವತ್ತು ವರ್ಷ ತುಂಬಿದ ನೆನಪಿಗೆ ಎದ್ದ ಕಟ್ಟಡ ಅದು. ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ, 1891ರಲ್ಲಿ, ಓರಿಯಂಟಲ್ ಲೈಬ್ರರಿ ಶುರುವಾಯಿತು. ಊರೂರಿಂದ ತಾಳೆಗರಿಯ ಕಟ್ಟುಗಳನ್ನು ತಂದು ಕೂಡಿಡುವುದು, ಓದುವುದು, ಪಟ್ಟಿ ಮಾಡುವುದು ಅಲ್ಲಿಯ ಕೆಲಸ. ಕರಾವಳಿಯಿಂದ ವ್ಯಾಪಾರ, ಓದು ಅಂತ ಮೈಸೂರಿಗೆ ಬಂದು ನೆಲೆಸಿದ ನಮ್ಮ ಮನೆಗಳವರು ಆ ದಾರಿಯಲ್ಲಿ ಎಷ್ಟೋ ಸಲ ಹಾದು ಹೋಗಿರುತ್ತಾರೆ. ಆದರೆ ಆ ಕಟ್ಟಡದಿಂದ ಲೋಕಕ್ಕೆಲ್ಲ ಹೆಸರಾದ ಮನುಷ್ಯನ ಬಗ್ಗೆ ನಮ್ಮಲ್ಲಿ ಮಾತಾಡಿದ್ದು ಕಡಿಮೆ. ಅವರೇ ಆರ್. ಶಾಮಾಶಾಸ್ತ್ರಿಗಳು.

ಹುಟ್ಟಿದ್ದು 1868ರಲ್ಲಿ, ಕಾವೇರಿ ದಡದ ರುದ್ರಪಟ್ಟಣದಲ್ಲಿ. ಹೆಸರಿನ ಮುಂದಿನ 'ಆರ್' ಆ ಊರಿನದ್ದೇ. ಈಗ ಅದು ಹಾಸನ ಜಿಲ್ಲೆಗೆ ಸೇರಿದೆ. ಮೊದಲ ಪಾಠ ಊರಲ್ಲೇ ಆಯಿತು. ಆಮೇಲೆ ಮೈಸೂರಿನ ಸಂಸ್ಕೃತ ಪಾಠಶಾಲೆಗೆ ಸೇರಿ ವಿದ್ವತ್ ಪರೀಕ್ಷೆ ಮುಗಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ, 1889ರಲ್ಲಿ ಮದರಾಸು ವಿಶ್ವವಿದ್ಯಾಲಯದ ಬಿ.ಎ. ಕೂಡ ಮಾಡಿದರು. ಒಂದು ಕೈಯಲ್ಲಿ ಹಳೆಯ ಪಾಠಪದ್ಧತಿ, ಇನ್ನೊಂದು ಕೈಯಲ್ಲಿ ಹೊಸ ಡಿಗ್ರಿ. ನಮ್ಮಲ್ಲಿ ದರ್ಸ್‌ನಲ್ಲೂ ಕೂತು ಕಾಲೇಜಿಗೂ ಹೋಗುವ ಹುಡುಗರು ಇದ್ದಾರಲ್ಲ, ಆ ಥರದ ಓದು ಅಂತ ಇಟ್ಟುಕೊಳ್ಳಿ. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಶೇಷಾದ್ರಿ ಅಯ್ಯರ್. ಈ ಯುವಕನ ಸಂಸ್ಕೃತದ ಹಿಡಿತ ಕಂಡು ಅವರು ಬೆಂಬಲಕ್ಕೆ ನಿಂತರು, ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕನ ಕೆಲಸ ಸಿಕ್ಕಿತು.

ತಾಳೆಗರಿಯ ಗ್ರಂಥಪಾಲಕ ಅಂದರೆ ಕುರ್ಚಿಯಲ್ಲಿ ಕೂತು ಮುದ್ರೆ ಒತ್ತುವ ಕೆಲಸ ಅಲ್ಲ. ಗರಿಗಳು ಹುಳ ತಿಂದಿರುತ್ತವೆ, ಅಂಚು ಮುರಿದಿರುತ್ತದೆ. ಮಜ್ಜಿಗೆ ಹುಲ್ಲಿನ ಎಣ್ಣೆ ಹಚ್ಚಿ ಒರೆಸಿ, ಕೊರೆದ ಅಕ್ಷರದೊಳಗೆ ಮಸಿ ತುಂಬಿಸಿದರೆ ಮಾತ್ರ ಓದಲಿಕ್ಕೆ ಬರುತ್ತದೆ. ಓದಿದ ಮೇಲೂ ಇದು ಯಾವ ಪುಸ್ತಕ ಅಂತ ಗೊತ್ತಾಗಬೇಕಲ್ಲ? ಮೊದಲ ಗರಿ ಇಲ್ಲ, ಕೊನೆಯ ಗರಿ ಇಲ್ಲ, ಹೆಸರಿಲ್ಲ. ಈ ಕಟ್ಟು ಕಪಾಟಿನಲ್ಲಿ ಆಗಲೇ ಇರುವುದರ ಇನ್ನೊಂದು ಪ್ರತಿಯೋ, ಬೇರೆಯೇ ಗ್ರಂಥವೋ? ಹೊಸ ಕಟ್ಟು ಬಂದಾಗಲೆಲ್ಲ ಗ್ರಂಥಪಾಲಕರು ಕೇಳಿಕೊಳ್ಳಬೇಕಾದದ್ದು ಇದೇ ಪ್ರಶ್ನೆ.

ಹಾಗೆ ಒಂದು ದಿನ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಒಂದು ಕಟ್ಟು ತಂದು ಲೈಬ್ರರಿಗೆ ಒಪ್ಪಿಸಿದರು. ಆ ಪಂಡಿತರ ಹೆಸರು ಚರಿತ್ರೆಯಲ್ಲಿ ಉಳಿಯಲಿಲ್ಲ. ಗ್ರಂಥ ಲಿಪಿಯಲ್ಲಿತ್ತು, ಅಂದರೆ ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಲಿಪಿ. ನಮ್ಮ ಹಿರಿಯರ ಮನೆಗಳಲ್ಲಿ ಅರಬಿ ಅಕ್ಷರದಲ್ಲಿ ಮಲಯಾಳಂ ಬರೆದ ಕಿತಾಬುಗಳು ಇದ್ದ ಹಾಗೆ, ಭಾಷೆ ಒಂದು, ಲಿಪಿ ಒಂದು. 1905ರಲ್ಲಿ ಶಾಸ್ತ್ರಿಗಳು ಅದನ್ನು ಓದಿ ನೋಡಿದಾಗ ಅದು ಕೌಟಿಲ್ಯನ ಅರ್ಥಶಾಸ್ತ್ರ ಅಂತ ತಿಳಿಯಿತು.

ಇದರಲ್ಲೇನು ದೊಡ್ಡದು ಅಂತ ಕೇಳಬಹುದು. ಆ ಪುಸ್ತಕ ಇತ್ತು ಅಂತ ಎಲ್ಲರಿಗೂ ಗೊತ್ತಿತ್ತು, ಆದರೆ ಪೂರ್ತಿ ಪುಸ್ತಕ ಕಣ್ಣಲ್ಲಿ ಕಂಡ ವಿದ್ವಾಂಸರು ಯಾರೂ ಇರಲಿಲ್ಲ. ದಂಡಿ, ಬಾಣ, ಕಾಮಂದಕ ಮುಂತಾದ ಹಳೆಯ ಲೇಖಕರು ಅದನ್ನು ಹೆಸರಿಸಿದ್ದರು, ಅದರ ಮಾತುಗಳನ್ನು ಎತ್ತಿಕೊಂಡಿದ್ದರು. ಮರ ಇಲ್ಲದೆ ಅದರ ಎಲೆಗಳು ಮಾತ್ರ ಅಲ್ಲಿ ಇಲ್ಲಿ ಸಿಕ್ಕಿದ ಹಾಗೆ. ಈಗ ಸಿಕ್ಕಿದ ಕಟ್ಟು ನಿಜವಾದ ಅರ್ಥಶಾಸ್ತ್ರವೇ ಹೌದೋ ಅಂತ ನೋಡಬೇಕಾದರೆ ದಾರಿ ಒಂದೇ. ಬೇರೆಯವರ ಪುಸ್ತಕಗಳಲ್ಲಿರುವ ಆ ಮಾತುಗಳು ಈ ಗರಿಗಳಲ್ಲಿ ಮತ್ತೆ ಬರುತ್ತವೋ ಅಂತ ಒಂದೊಂದಾಗಿ ತಾಳೆ ನೋಡುವುದು. ದಂಡಿ ಈ ಗ್ರಂಥ ಆರು ಸಾವಿರ ಶ್ಲೋಕದ್ದು ಅಂತ ಹೇಳಿದ್ದಾನೆ. ಗರಿಯಲ್ಲಿರುವ ಪುಸ್ತಕವೂ ತನ್ನ ಲೆಕ್ಕ ತಾನೇ ಕೊಡುತ್ತದೆ: 15 ಅಧಿಕರಣ, 150 ಅಧ್ಯಾಯ, 180 ಪ್ರಕರಣ, 6000 ಶ್ಲೋಕ. (ಪುಸ್ತಕ ಹೆಚ್ಚಾಗಿ ಗದ್ಯದಲ್ಲಿದೆ. ಇಲ್ಲಿ ಶ್ಲೋಕ ಅಂದರೆ ಮೂವತ್ತೆರಡು ಅಕ್ಷರದ ಒಂದು ಅಳತೆ.) ಲೆಕ್ಕಕ್ಕೆ ಲೆಕ್ಕ ಕೂಡಿತು, ಮಾತಿಗೆ ಮಾತು ಕೂಡಿತು.

ಶಾಸ್ತ್ರಿಗಳು ಅದನ್ನು ಪ್ರತಿ ಮಾಡಿ, ತಿದ್ದಿ, 1909ರಲ್ಲಿ ಸಂಸ್ಕೃತ ಮೂಲವನ್ನು ಮೈಸೂರಿನಿಂದ ಪ್ರಕಟಿಸಿದರು. ಇಂಗ್ಲಿಷ್ ಅನುವಾದ ಮೊದಲು ಪತ್ರಿಕೆಗಳಲ್ಲಿ ತುಂಡು ತುಂಡಾಗಿ ಬಂತು, 1915ರಲ್ಲಿ ಪುಸ್ತಕವಾಯಿತು. ಅದಕ್ಕೆ ಮುನ್ನುಡಿ ಬರೆದವರು ಶಾಸನಗಳ ಹೆಸರಾಂತ ವಿದ್ವಾಂಸ ಫ್ಲೀಟ್. ಭಾರತದವರಿಗೆ ಧ್ಯಾನ ಗೊತ್ತು, ರಾಜ್ಯಭಾರ ಗೊತ್ತಿಲ್ಲ ಅಂತ ಯುರೋಪಿನ ಎಷ್ಟೋ ಮಂದಿ ನಂಬಿದ್ದ ಕಾಲ ಅದು. ತೆರಿಗೆ, ಗಣಿ, ಕಾಡು, ತೂಕ, ಬೇಹುಗಾರಿಕೆ, ಸರಕಾರಿ ಹಣ ಕದಿಯುವ ನಲವತ್ತು ವಿಧಾನ, ಹೀಗೆ ಎಲ್ಲವನ್ನೂ ಪಟ್ಟಿ ಮಾಡಿದ ಪುಸ್ತಕ ಎದುರು ಬಂದಾಗ ಅವರ ಮಾತು ಬದಲಾಗಬೇಕಾಯಿತು. ಆ ನಲವತ್ತನ್ನು ಓದಿದರೆ ನಮ್ಮ ಕಾಲದ ಕಚೇರಿಗಳಿಗೆ ಹೊಸದಾಗಿ ಕಂಡುಹಿಡಿಯಲಿಕ್ಕೆ ಏನೂ ಉಳಿದಿರಲಿಲ್ಲ ಅಂತ ನಮಗೆ ಅನ್ನಿಸುವುದುಂಟು.

ಒಂದು ಕಟ್ಟು ಸಿಕ್ಕಿದ ಮೇಲೆ ಬೇರೆ ಕಡೆಯೂ ಹುಡುಕಾಟ ಶುರುವಾಯಿತು. ಜರ್ಮನಿಯ ಮ್ಯೂನಿಕ್‌ನಲ್ಲಿ ಒಂದು ಪ್ರತಿ ಇರುವುದು ತಿಳಿಯಿತು. ಕೇರಳದಲ್ಲಿ ಮಲಯಾಳ ಲಿಪಿಯ ಪ್ರತಿಗಳು ಸಿಕ್ಕಿದವು. ಜೋಲಿ ಮತ್ತು ಶ್ಮಿತ್ 1923-24ರಲ್ಲಿ ಲಾಹೋರಿನಿಂದ ಒಂದು ಮುದ್ರಣ ತಂದರು, ಗಣಪತಿ ಶಾಸ್ತ್ರಿಗಳು 1924-25ರಲ್ಲಿ ತಿರುವನಂತಪುರದಿಂದ ಇನ್ನೊಂದು ತಂದರು. ಈ ಪ್ರತಿಗಳೆಲ್ಲ ಒಂದೇ ಪುಸ್ತಕ. ಹಾಗಂತ ಒಂದನ್ನು ಇಟ್ಟುಕೊಂಡು ಉಳಿದದ್ದು ಬೇಡ ಅನ್ನಲಿಕ್ಕೆ ಆಗುತ್ತದೋ? ಆಗುವುದಿಲ್ಲ. ಒಂದರಲ್ಲಿ ಹುಳ ತಿಂದ ಸಾಲು ಇನ್ನೊಂದರಲ್ಲಿ ಪೂರ್ತಿ ಇರುತ್ತದೆ. ಒಬ್ಬ ಲಿಪಿಕಾರ ಬಿಟ್ಟ ಅಕ್ಷರವನ್ನು ಇನ್ನೊಬ್ಬ ಉಳಿಸಿರುತ್ತಾನೆ. ಪಟ್ಟಿಯಲ್ಲಿ ನಕಲು ಅಂತ ಬರೆದಿರುವ ಕಟ್ಟೇ ಎಷ್ಟೋ ಸಲ ಅಸಲನ್ನು ತಿದ್ದುತ್ತದೆ. ಅಟ್ಟದ ಮೇಲೆ ಹಳೆಯ ಕೈಬರಹದ ಕಿತಾಬು ಇಟ್ಟುಕೊಂಡು, ಇದರ ಅಚ್ಚಿನ ಪ್ರತಿ ಅಂಗಡಿಯಲ್ಲಿ ಸಿಗುತ್ತದೆ ಅಂತ ಹಳತನ್ನು ಎಸೆಯಲು ಹೊರಟ ಮನೆಗಳನ್ನು ನಾವು ಕಂಡಿದ್ದೇವೆ. ಅಂಥವರಿಗೆ ನಾವು ಶಾಸ್ತ್ರಿಗಳ ಈ ಕಥೆ ಹೇಳುವುದುಂಟು.

ಇನ್ನು ನಾವು ಮುಖ್ಯವಾಗಿ ಹೇಳಹೊರಟ ಕೆಲಸಕ್ಕೆ ಬರುತ್ತೇವೆ. ಅರ್ಥಶಾಸ್ತ್ರ ಸಿಕ್ಕಿದ ಕಥೆ ಶಾಲೆಯ ಪುಸ್ತಕದಲ್ಲೂ ಬರುತ್ತದೆ. 1924-25ರಲ್ಲಿ ಶಾಸ್ತ್ರಿಗಳು ಮೂರು ಸಂಪುಟಗಳಲ್ಲಿ ಹೊರತಂದ ಪದಸೂಚಿಯ ಹೆಸರು ಯಾರ ಬಾಯಲ್ಲೂ ಇಲ್ಲ. ಆವರೆಗೆ ಅಚ್ಚಾಗಿದ್ದ ಅರ್ಥಶಾಸ್ತ್ರದ ಪಾಠಗಳಲ್ಲಿ ಬರುವ ಶಬ್ದಗಳನ್ನು ಅಕಾರಾದಿಯಾಗಿ ಜೋಡಿಸಿ, ಯಾವ ಶಬ್ದ ಎಲ್ಲೆಲ್ಲಿ ಬಂದಿದೆ ಅಂತ ತೋರಿಸುವ ಗ್ರಂಥ ಅದು. ಆಗ ಕಂಪ್ಯೂಟರ್ ಇರಲಿಲ್ಲ. ಪುಸ್ತಕದ ಮೊದಲ ಶಬ್ದದಿಂದ ಕೊನೆಯ ಶಬ್ದದ ತನಕ ಮನುಷ್ಯರೇ ಹೋಗಬೇಕು. ಪ್ರತಿ ಶಬ್ದ ಬಂದಾಗಲೂ ಇದು ಮೊದಲು ಬಂದಿದೆಯೋ ಅಂತ ನೋಡಬೇಕು. ಬಂದಿದ್ದರೆ ಅದರ ಮುಂದೆ ಹೊಸ ಜಾಗ ಬರೆಯಬೇಕು, ಬಂದಿಲ್ಲದಿದ್ದರೆ ಹೊಸ ಸಾಲು ತೆರೆಯಬೇಕು. ಕೊನೆಗೆ ಒಂದು ಶಬ್ದದ ಮುಂದಿರುವ ಜಾಗಗಳನ್ನು ಎಣಿಸಿದರೆ ಅದು ಎಷ್ಟು ಸಲ ಬಂತು ಅಂತ ಸಿಗುತ್ತದೆ.

ಕಂಪ್ಯೂಟರ್ ಓದುವ ನಮ್ಮ ಮಕ್ಕಳು ಇದನ್ನು ಕೇಳಿದರೆ ನಗಬಹುದು. ಯಾಕೆಂದರೆ ಅವರಿಗೆ ಕೆಲಸದ ಸಂದರ್ಶನದಲ್ಲಿ ಕೇಳುವ ಪ್ರಶ್ನೆಯೂ ಇದೇ. ಮೈಸೂರಿನ ಹೆಬ್ಬಾಳದ ಇನ್ಫೋಸಿಸ್ ತರಬೇತಿಗೆ ಅಂತ ಮಂಗಳೂರು, ಪುತ್ತೂರು ಕಡೆಯಿಂದ ಹುಡುಗರು, ಹುಡುಗಿಯರು ಬರುತ್ತಾರಲ್ಲ, ಅವರಲ್ಲಿ ಕೇಳಿ ನೋಡಿ. ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಅರೇ ಉಂಟು, ಅದರೊಳಗೆ ಆಬ್ಜೆಕ್ಟ್‌ಗಳು ಉಂಟು, ಯಾವುದು ಎಷ್ಟು ಸಲ ಮತ್ತೆ ಬಂದಿದೆ ಅಂತ ಎಣಿಸಿ ಕೊಡು. ಅರೇ ಅಂದರೆ ಸಾಲಾಗಿ ಜೋಡಿಸಿದ ಪಟ್ಟಿ. ಆಬ್ಜೆಕ್ಟ್ ಅಂದರೆ ಹೆಸರು, ತಂದೆ ಹೆಸರು, ಊರು ಹೀಗೆ ನಾಲ್ಕಾರು ಮಾಹಿತಿ ತುಂಬಿದ ಒಂದು ಚೀಟಿ. ಸಾವಿರ ಚೀಟಿ ಉಂಟು ಅಂತ ಇಟ್ಟುಕೊಳ್ಳಿ. ಪ್ರತಿಯೊಂದನ್ನೂ ಉಳಿದ ಎಲ್ಲದರ ಜೊತೆ ಹೋಲಿಸುತ್ತಾ ಕೂತರೆ 4,99,500 ಸಲ ಹೋಲಿಸಬೇಕು. ಶಾಸ್ತ್ರಿಗಳ ಪದಸೂಚಿಯ ಹಾಗೆ ಪಕ್ಕದಲ್ಲಿ ಒಂದು ಲೆಕ್ಕದ ಪುಸ್ತಕ ಇಟ್ಟುಕೊಂಡರೆ ಸಾವಿರ ಚೀಟಿಯನ್ನು ಒಂದೇ ಸಲ ನೋಡಿ ಮುಗಿಸಬಹುದು. ಚೀಟಿ ಎತ್ತು, ಪುಸ್ತಕದಲ್ಲಿ ಅದರ ಸಾಲು ಇದ್ದರೆ ಒಂದು ಕೂಡಿಸು, ಇಲ್ಲದಿದ್ದರೆ ಸಾಲು ತೆರೆದು ಒಂದು ಅಂತ ಬರೆ. ಕೊನೆಗೆ ಒಂದಕ್ಕಿಂತ ಹೆಚ್ಚು ಇರುವ ಸಾಲುಗಳೇ ಮತ್ತೆ ಮತ್ತೆ ಬಂದವು. ಆ ಲೆಕ್ಕದ ಪುಸ್ತಕಕ್ಕೆ ಜಾವಾಸ್ಕ್ರಿಪ್ಟ್‌ನಲ್ಲಿ ಮ್ಯಾಪ್ ಅಂತ ಹೆಸರು, ಸಾಲಿನ ತಲೆಬರಹಕ್ಕೆ ಕೀ ಅಂತ ಹೆಸರು.

ಹುಡುಗರು ಸಿಕ್ಕಿಬೀಳುವುದು ಮುಂದಿನ ಹೆಜ್ಜೆಯಲ್ಲಿ. ಎರಡು ಚೀಟಿಯಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ ಬರೆದಿದ್ದರೂ ಜಾವಾಸ್ಕ್ರಿಪ್ಟ್ ಅವೆರಡು ಬೇರೆ ಅನ್ನುತ್ತದೆ. ಒಳಗೆ ಬರೆದದ್ದನ್ನು ಅದು ನೋಡುವುದಿಲ್ಲ, ಇದು ಅದೇ ಚೀಟಿಯೋ ಅಂತ ಮಾತ್ರ ನೋಡುತ್ತದೆ. ಆದ್ದರಿಂದ ಆಬ್ಜೆಕ್ಟನ್ನೇ ಕೀ ಮಾಡಿದರೆ ಎಲ್ಲದರ ಲೆಕ್ಕವೂ ಒಂದು ಅಂತಲೇ ಬರುತ್ತದೆ. ಚೀಟಿಯೊಳಗಿನ ಯಾವ ಯಾವ ಮಾಹಿತಿ ಕೂಡಿದರೆ ಇವೆರಡು ಒಂದೇ ಅಂತ ಮನುಷ್ಯ ಮೊದಲು ತೀರ್ಮಾನಿಸಿ, ಆ ಮಾಹಿತಿಗಳನ್ನು ಪೋಣಿಸಿ ಒಂದು ಕೀ ಕಟ್ಟಿ ಕೊಡಬೇಕು. ಪೋಣಿಸುವಾಗ ನಡುವೆ ಒಂದು ಗೆರೆಯನ್ನೂ ಹಾಕಬೇಕು, ಇಲ್ಲದಿದ್ದರೆ ಒಂದರ ಬಾಲ ಇನ್ನೊಂದರ ತಲೆಗೆ ಅಂಟಿ ಬೇರೆ ಬೇರೆಯವು ಒಂದಾಗುತ್ತವೆ. ಇಡೀ ಆಬ್ಜೆಕ್ಟನ್ನು ಅಕ್ಷರದ ಸಾಲಾಗಿ ಮಾಡಿ ಅದನ್ನೇ ಕೀ ಮಾಡುವವರೂ ಇದ್ದಾರೆ. ಆಗ ಒಂದರಲ್ಲಿ ಹೆಸರು ಮೊದಲು, ಇನ್ನೊಂದರಲ್ಲಿ ಊರು ಮೊದಲು ಇದ್ದರೆ ಸಾಕು, ಲೆಕ್ಕ ಕೆಟ್ಟಿತು.

ಸಂಸ್ಕೃತದಲ್ಲಿ ಈ ತೀರ್ಮಾನ ಎಷ್ಟು ಕಷ್ಟ ಅಂತ ಯೋಚಿಸಿ. ಒಂದು ನಾಮಪದಕ್ಕೆ ಎಂಟು ವಿಭಕ್ತಿ, ಮೂರು ವಚನ. ರಾಜಾ, ರಾಜಾನಂ, ರಾಜ್ಞಾ, ರಾಜ್ಞಃ ಇವು ನಾಲ್ಕು ಶಬ್ದವೋ, ಒಂದೇ ಶಬ್ದದ ನಾಲ್ಕು ವೇಷವೋ? ಇದರ ಮೇಲೆ ಸಂಧಿ. ಚ ಮತ್ತು ಏವ ಸೇರಿದರೆ ಚೈವ ಆಗುತ್ತದೆ, ಚ ಒಳಗೆ ಅಡಗಿಬಿಡುತ್ತದೆ. ಬಿಡಿಸಲು ಬಾರದವರು ಎಣಿಸಿದರೆ ಲೆಕ್ಕ ತಪ್ಪುವುದು ಖಂಡಿತ. ಅರಬಿ ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಿತಾಬ್, ಕಾತಿಬ್, ಮಕ್ತೂಬ್ ಮೂರಕ್ಕೂ ಧಾತು ಒಂದೇ. ಈಜಿಪ್ಟಿನ ಮುಹಮ್ಮದ್ ಫುಆದ್ ಅಬ್ದುಲ್ ಬಾಕಿಯವರು ಕುರ್‌ಆನಿನ ಶಬ್ದಗಳನ್ನು ಧಾತುವಿನ ಪ್ರಕಾರ ಜೋಡಿಸಿ, ಒಂದೊಂದು ರೂಪ ಎಷ್ಟು ಸಲ, ಯಾವ ಯಾವ ಆಯತ್‌ನಲ್ಲಿ ಬಂದಿದೆ ಅಂತ ತೋರಿಸುವ ಮುಅ್‌ಜಮನ್ನು ಕೈರೋದಲ್ಲಿ ಹೊರತಂದದ್ದು 1945ರಲ್ಲಿ. ನಮ್ಮ ದರ್ಸ್‌ಗಳ ಕಪಾಟಿನಲ್ಲಿ ಅದು ಉಂಟು. ಅವರ ಮುಂದೆ 1842ರಲ್ಲಿ ಜರ್ಮನಿಯ ಫ್ಲೂಗೆಲ್ ಮಾಡಿದ ಸೂಚಿ ಇತ್ತು, ಅದನ್ನು ಅವರು ಬಳಸಿಕೊಂಡರು. ಹೊಸದಾಗಿ ಸಿಕ್ಕಿದ ಅರ್ಥಶಾಸ್ತ್ರಕ್ಕೆ ಹಾಗೆ ಹಿಂದಿನವರು ಮಾಡಿಟ್ಟ ಸೂಚಿ ಇರಲಿಲ್ಲ.

'ಒಂದೇ' ಅಂದರೆ ಏನು ಅಂತ ಬೇರೆ ಬೇರೆಯಾಗಿ ತೀರ್ಮಾನಿಸಿದರೆ ಲೆಕ್ಕವೂ ಬೇರೆ ಬರುತ್ತದೆ. ಸಹೀಹುಲ್ ಬುಖಾರಿಯಲ್ಲಿ ಎಷ್ಟು ಹದೀಸ್ ಉಂಟು ಅಂತ ಮಕ್ಕಳು ಕೇಳುತ್ತಾರೆ. ಇಬ್ನು ಸ್ವಲಾಹ್ ಅವರ ಲೆಕ್ಕದಲ್ಲಿ ಮತ್ತೆ ಬಂದವೂ ಸೇರಿ 7,275, ಅವನ್ನು ಬಿಟ್ಟರೆ ನಾಲ್ಕು ಸಾವಿರ. ಇಬ್ನು ಹಜರ್ ಅಸ್ಖಲಾನಿಯವರ ಲೆಕ್ಕದಲ್ಲಿ ಸೇರಿ 7,397, ಬಿಟ್ಟರೆ 2,602. ಪುಸ್ತಕ ಒಂದೇ. ಒಂದೇ ಮಾತು ಬೇರೆ ಸನದ್‌ನಲ್ಲಿ ಬಂದಾಗ, ಒಂದು ಉದ್ದ ಹದೀಸಿನ ತುಂಡು ಬೇರೆ ಅಧ್ಯಾಯದಲ್ಲಿ ಬಂದಾಗ ಅದನ್ನು ಹೊಸದು ಅನ್ನಬೇಕೋ ಹಳತು ಅನ್ನಬೇಕೋ ಎಂಬಲ್ಲಿ ಲೆಕ್ಕದ ದಾರಿ ಕವಲೊಡೆಯುತ್ತದೆ. ಎಣಿಸುವವನು ತನ್ನ ನಿಯಮ ಏನು ಅಂತ ಮೊದಲು ಹೇಳಿಬಿಡಬೇಕು. ಅದು ಹೇಳದೆ ಬರೀ ಸಂಖ್ಯೆ ಕೊಟ್ಟರೆ ನಾವು ಒಪ್ಪಬೇಕಾಗಿಲ್ಲ.

ಇದು ಪಂಡಿತರ ವಿಷಯ, ನಮಗೇನು ಅಂತ ಬಿಡುವ ಹಾಗೂ ಇಲ್ಲ. ಮದ್ರಸದ ಹಾಜರಿ ಪುಸ್ತಕ ತೆರೆದರೆ ಒಂದೇ ತರಗತಿಯಲ್ಲಿ ಮುಹಮ್ಮದ್ ಅಶ್ರಫ್ ಇಬ್ಬರು, ಇಬ್ಬರ ತಂದೆಯೂ ಅಬ್ದುಲ್ ಖಾದರ್ ಅಂತ ಇರುವುದು ನಮ್ಮಲ್ಲಿ ಅಪರೂಪ ಅಲ್ಲ. ಮನೆ ಹೆಸರು, ಹುಟ್ಟಿದ ತಾರೀಕು ಸೇರಿಸಿ ನಾವು ಗುರುತು ಹಿಡಿಯುತ್ತೇವೆ. ಊರಿನವರಿಗೆ ಅದು ಗೊತ್ತು, ಕಂಪ್ಯೂಟರಿಗೆ ಯಾರಾದರೂ ಹೇಳಿಕೊಡಬೇಕು. ಹೆಸರು, ತಂದೆ ಹೆಸರು, ಊರು ಇಷ್ಟನ್ನೇ ಕೀ ಮಾಡಿದರೆ ಆ ಇಬ್ಬರು ಮಕ್ಕಳು ಒಬ್ಬರಾಗುತ್ತಾರೆ, ಒಬ್ಬ ನಕಲು ಅಂತ ಪಟ್ಟಿಯಿಂದ ಹೊರಗೆ. ಆಚೆಯಿಂದಲೂ ತಪ್ಪುವುದುಂಟು. ಒಂದು ಕಡೆ ಖಾದರ್, ಒಂದು ಕಡೆ ಕಾದರ್, ಇನ್ನೊಂದು ಕಡೆ ಅಬ್ದುಲ್ಖಾದರ್ ಅಂತ ಕೂಡಿಸಿ ಬರೆದರೆ ಒಬ್ಬ ಮನುಷ್ಯ ಮೂವರಾಗುತ್ತಾನೆ. ರೇಷನ್ ಕಾರ್ಡು, ಮತದಾರರ ಪಟ್ಟಿ, ಶಾಲೆಯ ಸ್ಕಾಲರ್‌ಶಿಪ್ಪು ಎಲ್ಲ ಪಟ್ಟಿಯ ಮೇಲೆಯೇ ನಡೆಯುವ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಹೆಸರಿನ ಅಕ್ಷರ ಎಲ್ಲ ಕಾಗದದಲ್ಲೂ ಒಂದೇ ಥರ ಉಂಟೋ ಅಂತ ಮನೆಯವರು ಒಮ್ಮೆ ಕೂತು ತಾಳೆ ನೋಡುವುದು ಒಳ್ಳೆಯದು. ನಮ್ಮ ಮಕ್ಕಳೇ ಆ ಪ್ರೋಗ್ರಾಂ ಬರೆಯುವ ಜಾಗದಲ್ಲಿ ಕೂರುವಾಗ, ಮುಹಮ್ಮದ್ ಎಂಬ ಹೆಸರು ಒಂದು ಬೀದಿಯಲ್ಲಿ ಎಷ್ಟು ಸಲ ಬರಬಹುದು ಎಂಬುದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಶಾಸ್ತ್ರಿಗಳ ಉಳಿದ ಬದುಕನ್ನು ಚುಟುಕಾಗಿ ಹೇಳಬಹುದು. 1912ರಿಂದ 1918ರ ತನಕ ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಆಮೇಲೆ ಮೈಸೂರಿನ ತಮ್ಮ ಲೈಬ್ರರಿಗೇ ಕ್ಯುರೇಟರ್ ಆಗಿ ಮರಳಿದರು. ಅಷ್ಟರಲ್ಲಿ ಅದು ಹೊಸ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತ್ತು. 1922ರಲ್ಲಿ ರಾಜ್ಯದ ಪುರಾತತ್ವ ಇಲಾಖೆಯ ನಿರ್ದೇಶಕರಾದರು, 1929ರಲ್ಲಿ ನಿವೃತ್ತಿ. ಪದಸೂಚಿ ಬಂದದ್ದು ಇಲಾಖೆಯ ಹೊಣೆ ಹೊತ್ತಿದ್ದ ವರ್ಷಗಳಲ್ಲೇ ಎಂಬುದನ್ನು ಗಮನಿಸಬೇಕು. ಹಗಲಿಡೀ ಕಚೇರಿಯ ಕೆಲಸ ಇರುವವರು ಇಂಥದ್ದಕ್ಕೆ ಕೈ ಹಾಕುವುದು ವಿರಳ. 1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು, ಭಾರತ ಸರಕಾರ ಮಹಾಮಹೋಪಾಧ್ಯಾಯ ಅಂತ ಬಿರುದು ಕೊಟ್ಟಿತು. ಕಲ್ಕತ್ತಾದ ಆಶುತೋಷ್ ಮುಖರ್ಜಿಯವರ ಮೇಲಿನ ಗೌರವದಿಂದ ಶಾಸ್ತ್ರಿಗಳು ಮೈಸೂರಿನ ತಮ್ಮ ಮನೆಗೆ ಅವರ ಹೆಸರನ್ನೇ ಇಟ್ಟಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಜರ್ಮನಿಗೆ ಹೋಗಿದ್ದಾಗ ಅಲ್ಲಿಯ ವಿದ್ವಾಂಸರು ಅವರನ್ನು ಶಾಮಾಶಾಸ್ತ್ರಿಗಳ ಮೈಸೂರಿನವರು ಅಂತ ಗುರುತಿಸಿದರಂತೆ, ಹಾಗಂತ ಮೈಸೂರಿನವರು ಈಗಲೂ ಹೇಳುತ್ತಾರೆ. ನಡೆದದ್ದು ಹಾಗೆಯೇ ಇರಲಿ, ಕೈ ಬದಲಾಗುತ್ತಾ ಬೆಳೆದಿರಲಿ, ಊರು ತನ್ನ ಗ್ರಂಥಪಾಲಕನ ಬಗ್ಗೆ ಇಂಥ ಕಥೆ ಇಟ್ಟುಕೊಂಡದ್ದು ನಮಗೆ ಇಷ್ಟವಾಗುತ್ತದೆ. ಶಾಸ್ತ್ರಿಗಳು ತೀರಿಕೊಂಡದ್ದು 1944ರಲ್ಲಿ.

ಶಬ್ದ ಎಣಿಸುವ ಕೆಲಸ ಅವರೊಂದಿಗೆ ಮುಗಿಯಲಿಲ್ಲ. ಅಮೆರಿಕದ ಥಾಮಸ್ ಟ್ರಾಟ್‌ಮನ್ ಎಂಬ ಚರಿತ್ರೆಕಾರ ಅಂಕಿಸಂಖ್ಯಾಶಾಸ್ತ್ರದ ವಿಧಾನದಿಂದ ಅರ್ಥಶಾಸ್ತ್ರವನ್ನು ಪರಿಶೀಲಿಸಿ 1971ರಲ್ಲಿ ಪುಸ್ತಕ ಪ್ರಕಟಿಸಿದರು. ಅವರು ಎಣಿಸಲು ಆರಿಸಿಕೊಂಡದ್ದು ರಾಜ, ಕೋಶ, ದಂಡ ಅಂಥ ದೊಡ್ಡ ಶಬ್ದಗಳನ್ನಲ್ಲ. ಚ, ವಾ, ಏವ, ಏವಂ ಥರದ ಪುಟ್ಟ ಶಬ್ದಗಳನ್ನು. ವಿಷಯ ಬದಲಾದರೆ ದೊಡ್ಡ ಶಬ್ದಗಳು ಬದಲಾಗುತ್ತವೆ. 'ಮತ್ತು' ಎಲ್ಲಿ, 'ಅಥವಾ' ಎಲ್ಲಿ ಅಂತ ಬರೆಯುವವನು ಯೋಚಿಸುವುದಿಲ್ಲ, ಕೈಗೆ ಬಂದ ಹಾಗೆ ಬರುತ್ತದೆ, ಹಾಗಾಗಿ ಅದು ಕೈಯ ಗುರುತು ಆಗುತ್ತದೆ. ಒಂದು ಅಧಿಕರಣದಲ್ಲಿ ಇವು ಬರುವ ಪ್ರಮಾಣ ಇನ್ನೊಂದರಲ್ಲಿ ಬರುವ ಪ್ರಮಾಣಕ್ಕೆ ಕೂಡಿ ಬರಲಿಲ್ಲ. ಎರಡನೆಯ, ಮೂರನೆಯ, ಏಳನೆಯ ಅಧಿಕರಣಗಳನ್ನು ಬರೆದದ್ದು ಒಂದೇ ಕೈ ಅಲ್ಲ ಅಂತ ಅವರು ತೀರ್ಮಾನಿಸಿದರು.